ಆಕ್ಸೆಸ್‌ನಲ್ಲಿ ಸೆಟ್‌ಆಟ್ರ್ ಬಳಸ್ತೀರಾ? ಆ ಪ್ಲಸ್ ಚಿಹ್ನೆ ಮೊದಲು ತೆಗೀರಿ

ತಿಂಗಳ ರಿಪೋರ್ಟ್‌ಗಳನ್ನು ಆಕ್ಸೆಸ್‌ನಿಂದ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ) ಪಿಡಿಎಫ್ ಮಾಡಿ, ಆಮೇಲೆ ಯಾರೂ ತಿದ್ದದ ಹಾಗೆ ರೀಡ್‌ಓನ್ಲಿ (ಓದೋಕೆ ಮಾತ್ರ) ಮಾಡೋ ವಿಬಿಎ ಕೋಡ್ ನಮ್ಮಲ್ಲಿ ಒಂದಿತ್ತು; ವಿಬಿಎ ಅಂದರೆ ಆಕ್ಸೆಸ್ ಒಳಗೇ ಕೋಡ್ ಬರೆಯೋ ಭಾಷೆ. ಹಳೇದು, ಯಾರೋ ಬರೆದಿಟ್ಟು ಹೋದದ್ದು. ಒಂದು ದಿನ ಫೋಲ್ಡರ್ ತೆಗೆದರೆ ಹಳೆಯ ಫೈಲ್‌ಗಳು ಒಂದೂ ಇಲ್ಲ! ಯಾರು ಡಿಲೀಟ್ ಮಾಡಿದ್ದು ಅಂತ ಒಬ್ಬರ ಮುಖ ಒಬ್ಬರು ನೋಡಿದ್ದೇ ಬಂತು. ರೀಸೈಕಲ್ ಬಿನ್‌ನಲ್ಲೂ ಇಲ್ಲ. ಆದರೆ ಫೋಲ್ಡರ್‌ನ ಪ್ರಾಪರ್ಟೀಸ್ ನೋಡಿದರೆ ಸೈಜ್ ಮಾತ್ರ ಇದ್ದಷ್ಟೇ ಇದೆ.

ಇಮಿಡಿಯೇಟ್ ವಿಂಡೋದಲ್ಲಿ (ಒಂದು ಸಾಲು ಬರೆದು ಉತ್ತರ ಕೂಡಲೇ ನೋಡೋ ಜಾಗ) ಒಂದು ಫೈಲ್‌ಗೆ ಗೆಟ್‌ಆಟ್ರ್ ಕೇಳಿದಾಗ 34 ಅಂತ ಬಂತು. ಗೆಟ್‌ಆಟ್ರ್ ಫೈಲ್‌ನ ಗುರುತುಗಳನ್ನು ಕೂಡಿಸಿ ಒಂದು ಸಂಖ್ಯೆಯಾಗಿ ಓದಿ ಹೇಳುತ್ತೆ, ಸೆಟ್‌ಆಟ್ರ್ ಅವನ್ನು ಹಾಕುತ್ತೆ. ಅಲ್ಲೇ ಸಿಕ್ಕಿತು ಗುಟ್ಟು. ರೀಡ್‌ಓನ್ಲಿಗೆ 1, ಹಿಡನ್‌ಗೆ (ಅಡಗಿದ್ದು) 2, ಸಿಸ್ಟಮ್‌ಗೆ 4, ಆರ್ಕೈವ್‌ಗೆ (ಬ್ಯಾಕಪ್ ಆಗಬೇಕು ಅನ್ನೋ ಗುರುತು) 32. ಆ ಪುಣ್ಯಾತ್ಮರು ಗೆಟ್‌ಆಟ್ರ್ ಕೊಟ್ಟ ಸಂಖ್ಯೆಗೆ ಸುಮ್ನೆ 1 ಕೂಡಿಸಿ ಸೆಟ್‌ಆಟ್ರ್‌ಗೆ ಕೊಟ್ಟಿದ್ದರು. ಹೊಸ ಫೈಲ್ 32 ಇರುತ್ತೆ, 33 ಆಗುತ್ತೆ, ಸರಿ. ಅದೇ ಫೋಲ್ಡರ್ ಮೇಲೆ ಕೋಡ್ ಇನ್ನೊಮ್ಮೆ ಓಡಿದರೆ 34, ಅಂದರೆ ಆರ್ಕೈವ್ ಜೊತೆ ಹಿಡನ್! ಫೈಲ್ ಕಣ್ಣಿಗೂ ಕಾಣಲ್ಲ, ರೀಡ್‌ಓನ್ಲಿ ಬೀಗವೂ ಇಲ್ಲ. ಇಷ್ಟು ಸಾಲದು ಅಂತ, ಫೈಲ್ ಇದೆಯಾ ಅಂತ ನೋಡೋಕೆ ಬಳಸಿದ್ದ ಡಿರ್ ಕೂಡ ಖಾಲಿ ಉತ್ತರ ಕೊಡ್ತಿತ್ತು, ಯಾಕಂದರೆ ಹಿಡನ್ ಅಂತ ಬಿಡಿಸಿ ಹೇಳದಿದ್ದರೆ ಅದು ಅಡಗಿದ ಫೈಲ್ ತೋರಿಸೋದೇ ಇಲ್ಲ.

ಪ್ಲಸ್ ಜಾಗಕ್ಕೆ ಆರ್ (Or) ಹಾಕಿ, ಅಂದರೆ ಬಿಟ್‌ವೈಸ್ ಆರ್: ಆ ಗುರುತು ಇಲ್ಲದಿದ್ದರೆ ಹಾಕುತ್ತೆ, ಇದ್ದರೆ ಸುಮ್ನಿರುತ್ತೆ. 33ಕ್ಕೆ 1 ಆರ್ ಮಾಡಿದರೆ 33 ಆಗೇ ಉಳಿಯುತ್ತೆ, ಎಷ್ಟು ಸಲ ಓಡಿಸಿದರೂ. ಬೀಗ ತೆಗೆಯೋಕೆ ಆ್ಯಂಡ್ ನಾಟ್ (And Not), ಅದು ಆ ಒಂದು ಗುರುತನ್ನಷ್ಟೇ ತೆಗೆಯುತ್ತೆ. ಮೈನಸ್ ಬೇಡವೇ ಬೇಡ, ಅದೂ ಇದೇ ಜಾತಿಯದು.

ಇದೆಲ್ಲ ಯಾಕೆ, ನೇರ ವಿಬಿರೀಡ್‌ಓನ್ಲಿ (ಆ 1ಕ್ಕೆ ವಿಬಿಎ ಇಟ್ಟ ಹೆಸರು) ಕೊಟ್ಟರಾಯಿತಲ್ವಾ ಅಂತೀರಾ? ಅದು ಮಿಕ್ಕಿದ್ದನ್ನೆಲ್ಲ ಅಳಿಸಿಬಿಡುತ್ತೆ. ಆರ್ಕೈವ್ ಗುರುತು ಹೋದರೆ, ಅದನ್ನೇ ನೋಡಿ ಕಾಪಿ ಮಾಡೋ ಬ್ಯಾಕಪ್ ಆ ಫೈಲನ್ನು ಮುಟ್ಟದೇ ಮುಂದೆ ಹೋಗುತ್ತೆ. ಇದು ಇನ್ನೂ ಕೆಟ್ಟದ್ದು, ಬ್ಯಾಕಪ್ ಬೇಕಾದ ದಿನದವರೆಗೂ ಗೊತ್ತೇ ಆಗಲ್ಲ.

ಫೋಲ್ಡರ್‌ಗೂ ಇದೇ ಸಾಲು ಓಡಿಸಬೇಡಿ. ಗೆಟ್‌ಆಟ್ರ್ ಫೋಲ್ಡರ್ ಅನ್ನೋ ಗುರುತಿನ 16 ಸೇರಿಸಿ ಕೊಡುತ್ತೆ, ಸೆಟ್‌ಆಟ್ರ್ ಅದನ್ನು ಒಪ್ಪದೆ ಎರರ್ 5 ಅನ್ನುತ್ತೆ. ತೆರೆದಿರೋ ಫೈಲ್‌ಗೂ ಎರರ್ ಬರುತ್ತೆ. ನಮ್ಮ ಕೋಡ್‌ನ ತಲೆಯಲ್ಲೇ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ (ಎರರ್ ಬಂದರೂ ಹೇಳದೆ ಮುಂದಿನ ಸಾಲಿಗೆ ಹೋಗು ಅನ್ನೋ ಸಾಲು) ಕೂತಿತ್ತು, ಹಾಗಾಗಿ ಯಾವ ಫೈಲ್‌ಗೆ ಬೀಗ ಬಿತ್ತು, ಯಾವುದಕ್ಕೆ ಬೀಳಲಿಲ್ಲ ಅಂತ ಯಾರಿಗೂ ತಿಳಿದಿರಲಿಲ್ಲ. ಈಗ ಆ ಸಾಲು ಕಿತ್ತು, ಸೆಟ್‌ಆಟ್ರ್ ಆದ ಮೇಲೆ ಮತ್ತೆ ಗೆಟ್‌ಆಟ್ರ್ ಓದಿ ಬಂದ ಸಂಖ್ಯೆಯನ್ನು ಒಂದು ಟೇಬಲ್‌ಗೆ ಬರೆಸ್ತಿದ್ದೀವಿ.