ಕೆಂಪು, ಪಚ್ಚೆ, ಮುತ್ತು: ಒಡವೆಯ ಚಿತ್ರಕ್ಕೆ ಗ್ವಾಶ್ ಬಣ್ಣ ಎಷ್ಟರಮಟ್ಟಿಗೆ ಒದಗುತ್ತದೆ?

ಒಡವೆಗಳನ್ನು ವಸ್ತುವಾಗಿಟ್ಟುಕೊಂಡು ರೇಖೆ ಮತ್ತು ಬಣ್ಣಗಳ ಕಲಾಯೋಜನೆಯೊಂದನ್ನು ಕೈಗೆತ್ತಿಕೊಳ್ಳುವವರು, ಅವರು ಪ್ರೌಢಶಾಲೆಯ ವಿದ್ಯಾರ್ಥಿಗಳಾಗಿರಲಿ, ಆಭರಣ ವಿನ್ಯಾಸ ಕಲಿಯಲು ಹೊರಟವರಾಗಿರಲಿ, ಮೊದಲು ಕೇಳುವುದು ಯಾವ ಬಣ್ಣ ಕೊಳ್ಳಬೇಕೆಂದು. ಜಲವರ್ಣ, ಪೋಸ್ಟರ್ ಬಣ್ಣ, ಬಣ್ಣದ ಪೆನ್ಸಿಲ್, ಆಕ್ರಿಲಿಕ್, ಚಿನ್ನದ ಬಣ್ಣದ ಪುಟ್ಟ ಬಾಟಲಿ ಎಲ್ಲವೂ ಅಂಗಡಿಯ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಚಿತ್ರಕಲೆಯ ತರಗತಿಯಲ್ಲಿ ಮಕ್ಕಳೊಂದಿಗೆ ಇವೆಲ್ಲವನ್ನೂ ಬಳಸಿ ನೋಡಿದ ಮೇಲೆ, ಈ ಕೆಲಸಕ್ಕೆ ಟ್ಯೂಬಿನಲ್ಲಿ ಬರುವ ಗ್ವಾಶ್ ಬಣ್ಣವೇ ತಕ್ಕದ್ದು ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ. ಆದರೆ ಪೆಟ್ಟಿಗೆಗಟ್ಟಲೆ ಕೊಂಡರೆ ಅದು ದುಂದುವೆಚ್ಚ. ಆರಿಸಿ ಕೊಂಡರೆ ಏಳು ಟ್ಯೂಬುಗಳು ಸಾಕು.

ಗ್ವಾಶ್ ಎಂದರೆ ಜಲವರ್ಣದಂತೆಯೇ ಅರಬ್ಬಿ ಗೋಂದಿನಲ್ಲಿ ಅರೆದ, ಆದರೆ ವರ್ಣದ್ರವ್ಯ (ಬಣ್ಣ ಕೊಡುವ ಪುಡಿ) ಹೆಚ್ಚಾಗಿ ಸೇರಿರುವ ಕಾರಣ ಕೆಳಗಿನ ಕಾಗದವನ್ನು ಮುಚ್ಚಬಲ್ಲ ಬಣ್ಣ. ಪ್ಯಾರಿಸ್ಸಿನ ಆಭರಣ ತಯಾರಕರು ಒಡವೆಯನ್ನು ಎರಕಕ್ಕೆ ಹಾಕುವ ಮುನ್ನ ಗಿರಾಕಿಗೆ ತೋರಿಸುವ ಚಿತ್ರಗಳನ್ನು ಬಹುಕಾಲದಿಂದ ಬೂದು ಅಥವಾ ಕಂದು ಛಾಯೆಯ ಕಾಗದದ ಮೇಲೆ ಇದೇ ಬಣ್ಣದಲ್ಲಿ ಬರೆಯುತ್ತ ಬಂದಿದ್ದಾರೆ. ಕಂಪ್ಯೂಟರ್ ಬಂದ ಮೇಲೂ ಆ ಪದ್ಧತಿ ಅಳಿದಿಲ್ಲ. ಕಾರಣ ಸರಳವಾದದ್ದು. ಜಲವರ್ಣದಲ್ಲಿ ಬೆಳಕೆಂದರೆ ಬಿಟ್ಟ ಬಿಳಿ ಕಾಗದ, ಅದನ್ನು ಮೊದಲೇ ಯೋಚಿಸಿ ಉಳಿಸಿಕೊಳ್ಳಬೇಕು. ಗ್ವಾಶ್‌ನಲ್ಲಿ ಬೆಳಕನ್ನು ಕೊನೆಗೆ, ಕತ್ತಲೆಯ ಮೇಲೆ, ಕೂದಲೆಳೆಯಷ್ಟು ತೆಳುವಾಗಿ ಇಡಬಹುದು. ಒಡವೆಯ ಹೊಳಪು ಅಷ್ಟು ಸಣ್ಣ ಜಾಗದಲ್ಲಿ ನಡೆಯುವ ವ್ಯಾಪಾರವಾದ್ದರಿಂದ ಈ ಅನುಕೂಲ ಬೇರೆ ಯಾವ ಬಣ್ಣದಲ್ಲಿಯೂ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಇಲ್ಲಿ ಕಂಪನಿಗಳ ಹೆಸರನ್ನು ಹೇಳದಿರುವುದಕ್ಕೆ ಕಾರಣವಿದೆ. ಟ್ಯೂಬಿನ ಮುಂಭಾಗದಲ್ಲಿ ಅಚ್ಚಾಗಿರುವ ಆಕರ್ಷಕ ಹೆಸರಿಗಿಂತ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ವರ್ಣದ್ರವ್ಯದ ಸಂಖ್ಯೆಯೇ ಹೆಚ್ಚು ಸತ್ಯ ಹೇಳುತ್ತದೆ. ‘ಎಮರಾಲ್ಡ್ ಗ್ರೀನ್’ ಎಂಬ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಾರಾಟವಾಗುತ್ತಿದ್ದದ್ದು ತಾಮ್ರ ಮತ್ತು ಆರ್ಸೆನಿಕ್ ಸೇರಿದ ವಿಷವಸ್ತು. ಇಂದು ಅದೇ ಹೆಸರಿನ ಟ್ಯೂಬಿನಲ್ಲಿ ಇರುವುದು ಸಾಮಾನ್ಯವಾಗಿ ಥ್ಯಾಲೊ ಹಸಿರು ಎಂಬ ಕೃತಕ ವರ್ಣದ್ರವ್ಯ ಮತ್ತು ಬಿಳಿ ಬೆರೆತ ಮಿಶ್ರಣ. ಹೆಸರನ್ನು ನಂಬಿ ಪಚ್ಚೆಕಲ್ಲಿಗೆಂದು ಅದನ್ನು ಕೊಂಡವರ ಕೈಗೆ ಬಾಯಿ ತೊಳೆಯುವ ದ್ರವದ ಬಣ್ಣ ಸಿಗುತ್ತದೆಯೇ ಹೊರತು ಪಚ್ಚೆ ಸಿಗುವುದಿಲ್ಲ. ಸಂಖ್ಯೆಯನ್ನೇ ಅಚ್ಚು ಹಾಕದ ತಯಾರಕರ ಬಣ್ಣವನ್ನು ಅಭ್ಯಾಸಕ್ಕೆ ಬಳಸಬಹುದು, ಉಳಿಸಿಕೊಳ್ಳಬೇಕಾದ ಚಿತ್ರಕ್ಕೆ ಬೇಡ.

ನಾನು ಆರಿಸುವ ಏಳು ಇವು, ಆವರಣದಲ್ಲಿರುವುದು ಆಯಾ ವರ್ಣದ್ರವ್ಯದ ಸಂಖ್ಯೆ: ಕ್ವಿನಾಕ್ರಿಡೋನ್ ಗುಲಾಬಿ (ಪಿವಿ 19), ವಿರಿಡಿಯನ್ ಹಸಿರು (ಪಿಜಿ 18), ಅಲ್ಟ್ರಾಮರೀನ್ ನೀಲಿ (ಪಿಬಿ 29), ಯೆಲ್ಲೊ ಓಕರ್ (ಪಿವೈ 42 ಅಥವಾ 43), ಲೆಮನ್ ಹಳದಿ (ಪಿವೈ 3), ಬರ್ನ್ಟ್ ಅಂಬರ್ (ಪಿಬಿಆರ್ 7), ಮತ್ತು ಟೈಟಾನಿಯಂ ಬಿಳಿ (ಪಿಡಬ್ಲ್ಯೂ 6). ಕಪ್ಪು ಇದರಲ್ಲಿ ಇಲ್ಲ.

ಮಾಣಿಕ್ಯ ಕೆಂಪಾಗಿರುವುದಕ್ಕೂ ಪಚ್ಚೆ ಹಸಿರಾಗಿರುವುದಕ್ಕೂ ಕಾರಣ ಒಂದೇ ಧಾತು, ಕ್ರೋಮಿಯಂ. ಕೊರಂಡಮ್ ಹರಳಿನೊಳಗೆ ಅದು ಅತ್ಯಲ್ಪ ಪ್ರಮಾಣದಲ್ಲಿ ಸೇರಿದರೆ ಕೆಂಪು, ಬೆರಿಲ್ ಹರಳಿನೊಳಗೆ ಸೇರಿದರೆ ಹಸಿರು. ವಿರಿಡಿಯನ್ ವರ್ಣದ್ರವ್ಯವೂ ಕ್ರೋಮಿಯಂನ ಒಂದು ಆಕ್ಸೈಡೇ ಆಗಿದ್ದು, ತುಸು ನೀಲಿಯ ಕಡೆಗೆ ವಾಲುವ ಅದರ ತಂಪು ಹಸಿರು ಪಚ್ಚೆಗೆ ಒಗ್ಗುವಷ್ಟು ಥ್ಯಾಲೊ ಹಸಿರು ಒಗ್ಗುವುದಿಲ್ಲ. ಥ್ಯಾಲೊ ಅಗ್ಗವಾಗಿದ್ದು ಬಲು ತೀವ್ರವಾದದ್ದು. ಒಂದು ಸಾಸಿವೆಯಷ್ಟು ಹೆಚ್ಚಾದರೂ ಪಕ್ಕದ ಬಣ್ಣಗಳನ್ನೆಲ್ಲ ನುಂಗುತ್ತದೆ. ವಿರಿಡಿಯನ್ ಬೆಲೆ ಹೆಚ್ಚು, ಬಲ ಕಡಿಮೆ, ಆದರೆ ಹೇಳಿದ ಮಾತು ಕೇಳುತ್ತದೆ.

ನಮ್ಮ ಕಡೆಯ ಒಡವೆಗಳಲ್ಲಿ ಕೆಂಪು ಮತ್ತು ಹಸಿರು ಕಲ್ಲುಗಳು ಒಂದರ ಪಕ್ಕ ಒಂದು ಕೂರುತ್ತವೆ. ಅಡ್ಡಿಕೆಯಲ್ಲಿ, ಜಡೆಬಿಲ್ಲೆಯಲ್ಲಿ, ವಂಕಿಯಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ. ಕ್ವಿನಾಕ್ರಿಡೋನ್ ಗುಲಾಬಿ ಮತ್ತು ವಿರಿಡಿಯನ್ ಪರಸ್ಪರ ಎದುರು ಬಣ್ಣಗಳಾದ್ದರಿಂದ ಇವೆರಡನ್ನು ಸರಿಯಾಗಿ ಬೆರೆಸಿದರೆ ಕಪ್ಪಿಗೆ ಸಮೀಪದ, ಆದರೆ ಸತ್ತಂತೆ ಕಾಣದ ಗಾಢ ಛಾಯೆಯೊಂದು ಬರುತ್ತದೆ. ಕೆಂಪುಕಲ್ಲಿನ ನೆರಳಿಗೆ ಅದರಲ್ಲಿ ಗುಲಾಬಿಯ ಪಾಲು ಹೆಚ್ಚಿರಲಿ, ಪಚ್ಚೆಯ ನೆರಳಿಗೆ ಹಸಿರಿನ ಪಾಲು ಹೆಚ್ಚಿರಲಿ. ಒಂದು ಕಲ್ಲಿನ ನೆರಳಿನಲ್ಲಿ ಇನ್ನೊಂದು ಕಲ್ಲಿನ ಬಣ್ಣ ಅಡಗಿರುವ ಕಾರಣ ಇಡೀ ಒಡವೆ ಒಂದೇ ಬೆಳಕಿನಲ್ಲಿ ಇಟ್ಟಂತೆ ಕಾಣುತ್ತದೆ. ವಿದ್ಯಾರ್ಥಿಗಳಿಗೆ ವರ್ಣಚಕ್ರವನ್ನು ಬೋರ್ಡಿನ ಮೇಲೆ ಬರೆದು ಎದುರು ಬಣ್ಣಗಳ ಪಾಠ ಹೇಳುವುದಕ್ಕಿಂತ ಈ ಎರಡು ಟ್ಯೂಬುಗಳನ್ನು ಕೈಗೆ ಕೊಡುವುದು ಮೇಲು. ಇನ್ನೊಂದು ಎಚ್ಚರಿಕೆ: ಕಣ್ಣು ಕುಕ್ಕುವ ಗುಲಾಬಿ ಟ್ಯೂಬುಗಳಲ್ಲಿ ಹಲವಕ್ಕೆ ಆ ಹೊಳಪು ಬರುವುದು ಫ್ಲೋರೊಸೆಂಟ್ ಬಣ್ಣದಿಂದ, ಅದು ಬೆಳಕಿಗೆ ಬೇಗ ಮಾಸುತ್ತದೆ. ಹಳೆಯ ಅಲಿಜರಿನ್ ಕ್ರಿಮ್ಸನ್ (ಪಿಆರ್ 83) ಕೂಡ ಹಾಗೆಯೇ, ಗೋಡೆಯ ಮೇಲೆ ನಿಲ್ಲುವುದಿಲ್ಲ.

ನೀಲಕ್ಕೆ ಅಲ್ಟ್ರಾಮರೀನ್ ಒಂದೇ ಸಾಕು. ಒಂದು ಕಾಲದಲ್ಲಿ ಈ ಬಣ್ಣವನ್ನು ಅಫ್ಘಾನಿಸ್ತಾನದ ಬದಕ್ಷಾನದಿಂದ ಬರುತ್ತಿದ್ದ ಲಾಪಿಸ್ ಲಾಜುಲಿ ರತ್ನವನ್ನೇ ಕುಟ್ಟಿ ತೆಗೆಯುತ್ತಿದ್ದರು. 1828ರ ಹೊತ್ತಿಗೆ ಫ್ರಾನ್ಸಿನಲ್ಲಿ ಅದನ್ನು ಕೃತಕವಾಗಿ ತಯಾರಿಸುವ ವಿಧಾನ ಕಂಡುಹಿಡಿದ ಮೇಲೆ ಸಾಮಾನ್ಯರ ಕೈಗೆಟುಕಿತು. ಇಂದು ಈ ಏಳರಲ್ಲಿ ಅಗ್ಗವಾಗಿ ಸಿಗುವವುಗಳಲ್ಲಿ ಅದೂ ಒಂದು.

ಚಿನ್ನದ ವಿಷಯಕ್ಕೆ ಬಂದರೆ, ಮಿನುಗುವ ಚಿನ್ನದ ಬಣ್ಣವನ್ನು ಕೊಳ್ಳಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆ ಬಾಟಲಿಯಲ್ಲಿ ಇರುವುದು ಅಭ್ರಕದ ಚೂರು ಅಥವಾ ತಾಮ್ರ–ಸತುವಿನ ಪುಡಿ. ಅದು ಕಾಗದದ ಮೇಲೆ ಚಪ್ಪಟೆಯಾಗಿ ಮಲಗಿ ಎಲ್ಲ ಕಡೆಯೂ ಒಂದೇ ರೀತಿ ಮಿನುಗುತ್ತದೆ, ಹೀಗಾಗಿ ಬಳೆ ದುಂಡಗೆ ಕಾಣದೆ ಬಣ್ಣ ಬಳಿದ ಪಟ್ಟಿಯಂತೆ ಕಾಣುತ್ತದೆ. ಕ್ಯಾಮರಾದಲ್ಲಿಯೋ ಸ್ಕ್ಯಾನರ್‌ನಲ್ಲಿಯೋ ಹಿಡಿದರೆ ಕಂದು ಅಥವಾ ಬೂದಾಗಿ ಬರುತ್ತದೆ. ಲೋಹದ ಪುಡಿಯಿದ್ದರೆ ಕಾಲಕ್ರಮದಲ್ಲಿ ಕಪ್ಪಡರುವುದೂ ಉಂಟು. ಚಿನ್ನ ಚಿನ್ನವಾಗಿ ಕಾಣುವುದು ಅದರ ಹಳದಿಯಿಂದಲ್ಲ, ಗಾಢ ಕಂದು ಮತ್ತು ಬಹುತೇಕ ಬಿಳಿಯಾದ ಬೆಳಕು ನಡುವೆ ಮೆತ್ತನೆಯ ದಾಟುವಿಕೆಯಿಲ್ಲದೆ ಒಂದಕ್ಕೊಂದು ತಾಗಿಕೊಂಡಿರುವುದರಿಂದ. ಓಕರ್ ಅನ್ನು ಮೊದಲು ಸಮವಾಗಿ ಬಳಿದು, ಬರ್ನ್ಟ್ ಅಂಬರ್‌ನಿಂದ ಅಂಚಿನ ಕತ್ತಲೆಯನ್ನು ಎಳೆದು, ಲೆಮನ್ ಹಳದಿಗೆ ಬಿಳಿ ಸೇರಿಸಿ ಬೆಳಕಿನ ಪಟ್ಟಿಯನ್ನು ಇಟ್ಟು, ಅದರ ನಡುವೆ ಶುದ್ಧ ಬಿಳಿಯ ಒಂದು ಗೆರೆಯನ್ನು ಹಾಯಿಸಿದರೆ ಕಾಸಿನ ಸರದ ಒಂದೊಂದು ಕಾಸೂ ಕಾಗದದಿಂದ ಎದ್ದು ನಿಲ್ಲುತ್ತದೆ.

ಹಾಗಾದರೆ ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ನಿಜವಾದ ಚಿನ್ನದ ರೇಕನ್ನೇ ಒಡವೆಗಳಿಗೆ ಅಂಟಿಸುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ತರಗತಿಯಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದು, 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಶೈಲಿಯಲ್ಲಿ ಚಿನ್ನದ ರೇಕು ನೇರವಾಗಿ ಕಾಗದದ ಮೇಲೆ ಕೂರುವುದಿಲ್ಲ. ಬಿಳಿಯ ಪುಡಿ, ರೇವಲಚಿನ್ನಿ ಎಂಬ ಹಳದಿ ಮರದ ರಾಳ ಮತ್ತು ಅಂಟು ಸೇರಿಸಿ ಮಾಡಿದ ಗೆಸ್ಸೊವನ್ನು ಕುಂಚದಿಂದ ಇಟ್ಟು ಒಡವೆಯ ಗೆರೆಗಳನ್ನು ತುಸು ಉಬ್ಬಿಸಿ, ಆ ಉಬ್ಬಿನ ಮೇಲೆ ರೇಕನ್ನು ಕೂರಿಸುತ್ತಾರೆ. ನೋಡುವವನು ಕದಲಿದಂತೆ ಬೆಳಕು ಆ ಉಬ್ಬಿನ ಮೇಲೆ ಕದಲುತ್ತದೆ. ನೆರಳು ನಿಜವಾದ ನೆರಳೇ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ಇನ್ನೂ ದಪ್ಪ, ಗಾಜಿನ ಕಲ್ಲುಗಳನ್ನು ಕೂಡ ಕೂರಿಸುತ್ತಾರೆ. ಮೈಸೂರಿನದು ಮಿತವಾದ, ನನ್ನ ಕಣ್ಣಿಗೆ ಹೆಚ್ಚು ಹಿತವಾದ ಉಬ್ಬು. ಬಾಟಲಿಯ ಚಿನ್ನದ ಬಣ್ಣ ಆ ಉಬ್ಬಿಲ್ಲದೆ ರೇಕಿನ ವೇಷ ಹಾಕಲು ಹೋಗುತ್ತದೆ, ಅದೇ ಅದರ ತೊಡಕು.

ಮುತ್ತಿಗೂ ವಜ್ರಕ್ಕೂ ಬೇಕಾದದ್ದು ಬಣ್ಣಕ್ಕಿಂತ ಕಾಗದ. ಬಿಳಿ ಕಾಗದದ ಮೇಲೆ ಮುತ್ತನ್ನು ಬರೆಯಲು ಹೊರಟರೆ ಸುತ್ತ ಗೆರೆ ಹಾಕದೆ ಗತಿಯಿಲ್ಲ, ಗೆರೆ ಹಾಕಿದ ಕೂಡಲೇ ಅದು ಗೋಲಿಯಾಗುತ್ತದೆ. ನಡುಬೂದು ಕಾಗದದ ಮೇಲಾದರೆ ಕಾಗದದ ಬಣ್ಣವೇ ಮುತ್ತಿನ ಮೈಯಾಗಿ, ಮೇಲೆ ಎಡಕ್ಕೆ ಒಂದು ಬಿಳಿ ಚುಕ್ಕೆ, ಕೆಳಗೆ ಬಲಕ್ಕೆ ಅರ್ಧಚಂದ್ರಾಕಾರದ ನೆರಳು, ಆ ನೆರಳಿನ ಹೊರ ಅಂಚಿನಲ್ಲಿ ತೆಳುವಾದ ಮರುಬೆಳಕು, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಕಾಗದ ತೆಳುವಾಗಿದ್ದರೆ ನೀರಿಗೆ ಮುದುಡುತ್ತದೆ. ಅಭ್ಯಾಸಕ್ಕೆ ಚದರ ಮೀಟರಿಗೆ 160 ಗ್ರಾಂ ತೂಗುವ ಕಾಗದ, ಅಂದರೆ 160 ಜಿಎಸ್‌ಎಂ ಸಾಕು, ಪೂರ್ಣ ಚಿತ್ರಕ್ಕೆ 300 ಜಿಎಸ್‌ಎಂ ಕಾಗದಕ್ಕೆ ತೆಳು ಬೂದುಬಣ್ಣವನ್ನು ತಾವೇ ಬಳಿದುಕೊಳ್ಳುವುದು ಒಳ್ಳೆಯದು.

ಬೆಳಕಿನ ನಿಯಮವೊಂದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಬಣ್ಣ ಎಷ್ಟೇ ಒಳ್ಳೆಯದಾಗಿದ್ದರೂ ಇದು ತಪ್ಪಿದರೆ ಕಲ್ಲು ಕಲ್ಲಾಗಿ ಕಾಣುವುದಿಲ್ಲ. ಆಭರಣದ ಚಿತ್ರದಲ್ಲಿ ಬೆಳಕು ಮೇಲಿನ ಎಡಮೂಲೆಯಿಂದ ಬೀಳುತ್ತದೆಂದು ಇಟ್ಟುಕೊಳ್ಳುವುದು ವಾಡಿಕೆ. ಹವಳ, ಮುತ್ತು, ಪೆರೋಜದಂಥ ಅಪಾರದರ್ಶಕ ವಸ್ತುಗಳಲ್ಲಿ ಎಡಮೇಲ್ಭಾಗ ಬೆಳಗುತ್ತದೆ, ಬಲಕೆಳಭಾಗ ಕಪ್ಪಾಗುತ್ತದೆ. ಮುಖಗಳನ್ನು ಕತ್ತರಿಸಿ ಸಾಣೆ ಹಿಡಿದ ಪಾರದರ್ಶಕ ಕಲ್ಲಿನಲ್ಲಿ ಬೆಳಕು ಒಳಹೊಕ್ಕು ಆಚೆಬದಿಯಲ್ಲಿ ಕಾಣಿಸಿಕೊಳ್ಳುವುದರಿಂದ ನಡುವಿನ ಚಪ್ಪಟೆ ಮುಖದ ಎಡಮೇಲ್ಭಾಗ ಗಾಢವಾಗಿಯೂ ಬಲಕೆಳಭಾಗ ತಿಳಿಯಾಗಿಯೂ ಇರಬೇಕು. ಅದರ ಸುತ್ತಲಿನ ಇಳಿಜಾರು ಮುಖಗಳಲ್ಲಿ ಮಾತ್ರ ಕ್ರಮ ಮತ್ತೆ ತಿರುಗುತ್ತದೆ. ನಮ್ಮ ಹಳೆಯ ಕೆಂಪುಕಲ್ಲಿನ ಒಡವೆಗಳು ಈ ಎರಡಕ್ಕೂ ನಡುವೆ ನಿಲ್ಲುತ್ತವೆ. ಅವುಗಳಲ್ಲಿ ಕಲ್ಲು ಮುಖ ಕತ್ತರಿಸದ ದುಂಡು ಉಬ್ಬಾಗಿದ್ದು, ಹಿಂದೆ ಮುಚ್ಚಿದ ಕುಂದಣದ ಕಟ್ಟು ಇರುತ್ತದೆ, ಕಲ್ಲಿನ ಅಡಿಗೆ ತೆಳುವಾದ ರೇಕನ್ನು ಇಟ್ಟಿರುತ್ತಾರೆ. ಹಿಂದಿನಿಂದ ಬೆಳಕು ಬರುವ ದಾರಿಯಿಲ್ಲ. ಮುಂದಿನಿಂದ ಹೊಕ್ಕ ಬೆಳಕು ರೇಕಿಗೆ ತಾಗಿ ಮರಳುತ್ತದೆ. ಆದ್ದರಿಂದ ಕಲ್ಲಿನ ತಳ ಒಳಗಿನಿಂದಲೇ ಕೆಂಡದಂತೆ ಬೆಳಗಬೇಕು, ಮೇಲ್ಮೈಯಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಇರಬೇಕು. ವಿದೇಶದ ಮಾದರಿ ಪುಸ್ತಕಗಳನ್ನು ನೋಡಿ ಕಲಿತವರು ಅಡ್ಡಿಕೆಯ ಕಲ್ಲಿಗೂ ಮುಖಗಳನ್ನು ಕೊರೆದು ಕೂರಿಸಿಬಿಡುವುದನ್ನು ನಾನು ಆಗಾಗ ಕಾಣುತ್ತೇನೆ.

ಬಣ್ಣದ ಬಗ್ಗೆ ಇಷ್ಟು ಹೇಳಿದ ಮೇಲೂ, ಟ್ಯೂಬು ತೆರೆಯುವ ಮುನ್ನ ಪೆನ್ಸಿಲಿನ ಕೆಲಸ ಸಾಕಷ್ಟು ಇರಬೇಕೆಂದು ಒತ್ತಿ ಹೇಳುತ್ತೇನೆ. ಅದಕ್ಕೆ ಬಣ್ಣವೇ ಇಲ್ಲದ ಒಡವೆಗಳು ಬೇಕು, ಅವು ಬೇಲೂರಿನಲ್ಲಿವೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರ ಮೈಮೇಲೆ ಕಂಠಹಾರ, ತೋಳಬಂದಿ, ಡಾಬು, ಕಾಲ್ಗಡಗಗಳು ಎಳೆ ಎಳೆಯಾಗಿ ನಿಂತಿವೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಶಿಲ್ಪಿಗೆ ಅಷ್ಟು ಸಲಿಗೆ ಕೊಟ್ಟಿದೆ. ಅಲ್ಲಿ ಮಣಿಯ ಹಿಂದೆ ಮಣಿ ಹೇಗೆ ಜಾರುತ್ತದೆ, ಹಾರ ಮೈಯ ಇಳಿಜಾರಿಗೆ ತಕ್ಕಂತೆ ಹೇಗೆ ಬಾಗುತ್ತದೆ, ಎರಡು ಎಳೆಗಳು ಎಲ್ಲಿ ಒಂದರ ಕೆಳಗೊಂದು ಹೋಗುತ್ತವೆ ಎಂಬುದನ್ನು ಬರೀ ಗೆರೆಯಲ್ಲಿ ಬರೆದುಕೊಂಡು ಬಂದವರಿಗೆ ಬಣ್ಣ ಹಾಕುವಾಗ ತಡವರಿಸುವ ಪ್ರಮೇಯ ಬರುವುದಿಲ್ಲ. ಯೋಜನೆಯಾಗಿ ಬೆಳೆಸುವವರು ಹಾರದ ಒಂದೇ ಕೊಂಡಿಯನ್ನು ಆರಿಸಿ ಅದನ್ನು ಕಾಗದದ ಅಂಚಿಗೆ ತಾಗುವಷ್ಟು ಹಿಗ್ಗಿಸಿ ಬರೆಯಲಿ. ಆ ಅಳತೆಯಲ್ಲಿ ಒಡವೆ ಒಡವೆಯಾಗಿ ಉಳಿಯದೆ ಆಕಾರಗಳ ಜೋಡಣೆಯಾಗುತ್ತದೆ, ಬಣ್ಣದ ಪ್ರಯೋಗಕ್ಕೆ ಜಾಗ ಸಿಗುತ್ತದೆ.

ಗ್ವಾಶ್‌ನ ದೋಷಗಳೂ ಇವೆ. ಒಣಗಿದ ಪದರಕ್ಕೆ ನೀರು ತಾಗಿದರೆ ಅದು ಮತ್ತೆ ಕರಗಿ ಮೇಲಿನ ಬಣ್ಣವನ್ನು ಕೆಡಿಸುತ್ತದೆ. ಎರಡನೆಯ ಪದರವನ್ನು ಕಡಿಮೆ ನೀರಿನಲ್ಲಿ, ಒಂದೇ ಎಳೆತದಲ್ಲಿ ಹಾಕಬೇಕು. ದಪ್ಪವಾಗಿ ಬಳಿದರೆ ಬಿರುಕು ಬಿಡುತ್ತದೆ. ಒದ್ದೆಯಿದ್ದಾಗಿನ ಗಾಢ ಬಣ್ಣ ಒಣಗಿದಾಗ ತಿಳಿಯಾಗುವುದೂ, ತಿಳಿಬಣ್ಣ ತುಸು ಗಾಢವಾಗುವುದೂ ಹೊಸಬರನ್ನು ಕಂಗೆಡಿಸುತ್ತದೆ. ಆಕ್ರಿಲಿಕ್ ಗ್ವಾಶ್ ಎಂಬ ಇನ್ನೊಂದು ಬಗೆಯಲ್ಲಿ ಕರಗುವ ತೊಂದರೆ ಇಲ್ಲ, ಆದರೆ ಒಣಗಿದ ಅಂಚನ್ನು ಒದ್ದೆ ಕುಂಚದಿಂದ ಮೆದುಗೊಳಿಸುವ ಸೌಕರ್ಯವೂ ಇಲ್ಲ. ಮುತ್ತು ಬರೆಯುವವರು ಅದರಿಂದ ದೂರವಿರುವುದೇ ಲೇಸು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ಪ್ಯಾಲೆಟ್ಟಿನ ಮೇಲೆ ಉಳಿದ ಬಣ್ಣಕ್ಕೆ ಬೂಷ್ಟು ಹಿಡಿಯುತ್ತದೆ, ಗೋಂದಿರುವ ಬಣ್ಣಗಳಿಗೆಲ್ಲ ಇದು ತಪ್ಪಿದ್ದಲ್ಲ. ಕಲೆಸುವ ನೀರಿಗೆ ಒಂದು ತೊಟ್ಟು ಲವಂಗದ ಎಣ್ಣೆ ಹಾಕಿದರೆ ತಡೆಯಬಹುದು.

ಪೋಸ್ಟರ್ ಬಣ್ಣದಿಂದ ಇದೇ ಕೆಲಸ ಆಗದೇ ಎಂದರೆ, ಅರ್ಧ ಆಗುತ್ತದೆ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಸಿದ್ಧರಾಗುವ ಮಕ್ಕಳ ಬಳಿ ಅದು ಹೇಗೂ ಇರುತ್ತದೆ, ಸಪಾಟಾದ ವಿನ್ಯಾಸಕ್ಕೆ ಅದು ಚೆನ್ನಾಗಿಯೇ ಇದೆ. ಸೀಮೆಸುಣ್ಣದಂಥ ಪೂರಕ ವಸ್ತು ಅದರಲ್ಲಿ ಹೆಚ್ಚಿರುವ ಕಾರಣ ಎರಡು ಬಣ್ಣ ಬೆರೆಸಿದೊಡನೆ ಮಂಕಾಗುತ್ತದೆ, ಕಲ್ಲಿನ ಆಳ ಬರುವುದಿಲ್ಲ. ಹಣ ಕಡಿಮೆಯಿದ್ದರೆ ಓಕರ್, ಅಂಬರ್‌ಗಳನ್ನು ಪೋಸ್ಟರ್ ಬಣ್ಣದಲ್ಲಿಯೇ ನಿಭಾಯಿಸಿ, ಗುಲಾಬಿ, ವಿರಿಡಿಯನ್ ಮತ್ತು ಬಿಳಿ ಈ ಮೂರನ್ನು ಮಾತ್ರ ಒಳ್ಳೆಯ ಗ್ವಾಶ್‌ನಲ್ಲಿ ಕೊಳ್ಳಿ. ಬಿಳಿ ಉಳಿದ ಬಣ್ಣಗಳಿಗಿಂತ ಬೇಗ ಮುಗಿಯುವುದರಿಂದ ದೊಡ್ಡ ಟ್ಯೂಬನ್ನೇ ಆರಿಸಿಕೊಳ್ಳಿ. ಸೊನ್ನೆ ಮತ್ತು ಒಂದನೆಯ ಸಂಖ್ಯೆಯ ದುಂಡು ಕುಂಚಗಳಲ್ಲಿ ಕೃತಕ ಕೂದಲಿನವು ಈಗ ಸಾಕಷ್ಟು ಚೆನ್ನಾಗಿ ಬರುತ್ತಿವೆ. ಮುಂಗುಸಿ ಕೂದಲಿನದೆಂದು ಯಾರಾದರೂ ಹೊಗಳಿ ಮಾರಲು ಬಂದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ವ್ಯಾಪಾರ ಅಪರಾಧ.