ಗಲಭೆ, ನೆರೆಯಲ್ಲಿ ಅಂಗಡಿ ಲೂಟಿಯಾದರೆ: ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿ ಎಷ್ಟು ಆಸರೆ?

ಹಳೆಯ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ ಗಲಭೆಕೋರರು ಒಡೆದದ್ದಕ್ಕೆ, ಸುಟ್ಟದ್ದಕ್ಕೆ ಪರಿಹಾರವಿತ್ತು. ಹೊತ್ತೊಯ್ದ ಮಾಲಿನ ವಿಚಾರ ಬಂದಾಗ ತಕರಾರು ಶುರುವಾಗುತ್ತಿತ್ತು. ಅವಘಡದ ಹೊತ್ತಿನಲ್ಲಿ ಅಥವಾ ಆಮೇಲೆ ಆದ ಕಳವನ್ನು ಷರತ್ತಿನಲ್ಲೇ ಹೊರಗಿಟ್ಟಿದ್ದರು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಜಾರಿಗೆ ತಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಈ ಕಂದಕವನ್ನು ಬಹುಪಾಲು ತುಂಬಿದೆ. ಒಂದೇ ಜಾಗದಲ್ಲಿ ಕಟ್ಟಡ, ಪೀಠೋಪಕರಣ, ದಾಸ್ತಾನು ಎಲ್ಲ ಸೇರಿ 5 ಕೋಟಿ ರೂಪಾಯಿ ಮೀರದ ಉದ್ಯಮಗಳಿಗೆ ಇದು. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಒಕ್ಕಣೆ ಒಂದೇ. ಹಾಗಾಗಿ ಪ್ರೀಮಿಯಂ ಮತ್ತು ಕ್ಲೇಮ್ ಸೇವೆ ಎರಡನ್ನೇ ಹೋಲಿಸಿ ನೋಡಿದರೆ ಸಾಕು.

ಲೂಟಿಗೆ ಸಂಬಂಧಿಸಿದ ಸಾಲು ಚಿಕ್ಕದು: ಪಾಲಿಸಿಯಲ್ಲಿ ಹೆಸರಿಸಿದ ಬೆಂಕಿ, ನೆರೆ, ಭೂಕುಸಿತ, ಗಲಭೆಯಂಥ ಘಟನೆ ನಡೆದ 7 ದಿನದೊಳಗೆ, ಆ ಘಟನೆಯಿಂದಲೇ ಆದ ಕಳವಿಗೆ ಪರಿಹಾರ ಉಂಟು. ಅಂದರೆ ಎರಡು ಸಂಗತಿ ರುಜುವಾತಾಗಬೇಕು. ಕಳವಾದ ದಿನ ಆ ಏಳರೊಳಗೆ ಬೀಳಬೇಕು. ಒಡೆದ ಷಟರ್, ಕುಸಿದ ಗೋಡೆ ಅಥವಾ ನೀರು ನುಗ್ಗಿ ಖಾಲಿಯಾದ ಬೀದಿ ಕಳ್ಳನಿಗೆ ದಾರಿ ಮಾಡಿಕೊಟ್ಟಿತೆಂದು ತೋರಬೇಕು.

ನಮ್ಮ ಮುಖ್ಯ ಆಕ್ಷೇಪ ಇರುವುದು ಈ ಏಳು ದಿನದ ಮೇಲೆಯೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದಾಗ ರಸ್ತೆ ಕಡಿದು, ಕುಟುಂಬಗಳು ವಾರಗಟ್ಟಲೆ ಪರಿಹಾರ ಕೇಂದ್ರಗಳಲ್ಲಿದ್ದವು. 2020ರ ಆಗಸ್ಟ್ 11ರ ರಾತ್ರಿಯ ಹಿಂಸೆಯ ಬೆನ್ನಿಗೇ ಬೆಂಗಳೂರಿನ ಡಿಜೆ ಹಳ್ಳಿ, ಕೆಜಿ ಹಳ್ಳಿಯಲ್ಲಿ ಕರ್ಫ್ಯೂ ಬಿತ್ತು. ಅಂಥ ಸ್ಥಿತಿಯಲ್ಲಿ ಮಾಲೀಕ ಹತ್ತನೆಯ ದಿನ ಬಾಗಿಲು ತೆರೆದರೆ, ಮಾಲು ಹೋದದ್ದು ಮೂರನೆಯ ದಿನವೋ ಒಂಬತ್ತನೆಯ ದಿನವೋ ಎಂದು ಹೇಳುವವರು ಯಾರು? ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಗಲ್ಲಾಪೆಟ್ಟಿಗೆ ಕೆಳಗಿದ್ದರೆ ಅದೂ ಲೂಟಿಯಾಗಿರುತ್ತದೆ, ಇಲ್ಲವೇ ನೀರಲ್ಲಿ ಮುಳುಗಿರುತ್ತದೆ. ಆದ್ದರಿಂದ ಚಿತ್ರವನ್ನು ಹೊರಗಿನ ಸರ್ವರ್‌ಗೆ ಕಳಿಸುವ ಕ್ಯಾಮೆರಾ ಒಂದಾದರೂ ಇರಲಿ, ಅದಕ್ಕೆ ಬ್ಯಾಟರಿ ಬ್ಯಾಕಪ್ ಸಹ. ಅಂಗಡಿಗೆ ಹೋಗಲಾಗದಿದ್ದರೆ ಘಟನೆಯಾದ ದಿನವೇ ಕಂಪನಿಗೆ ಇಮೇಲ್ ಮಾಡಿ, ಠಾಣೆಗೂ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಎಫ್‌ಐಆರ್ ಕೈಗೆ ಬಂದ ಕೂಡಲೇ ಓದಿ. ಗಲಭೆ ದಿನಗಳಲ್ಲಿ ‘ಕಲ್ಲು ತೂರಿ ಹಾನಿ ಮಾಡಿದ್ದಾರೆ’ ಎಂದಷ್ಟೇ ಬರೆದು ಮುಗಿಸುವುದುಂಟು. ಕಳವಾದ ಮಾಲಿನ ವಿಧ, ಸಂಖ್ಯೆ, ಅಂದಾಜು ಬೆಲೆ ಅದರಲ್ಲಿಲ್ಲದಿದ್ದರೆ ನಷ್ಟ ಅಂದಾಜಿಸಲು ಬರುವ ಸರ್ವೇಯರ್ ಮೊದಲು ಕೇಳುವ ಪ್ರಶ್ನೆ ಅದೇ. ಷಟರ್ ರಿಪೇರಿಗೆ ಮುಂಚೆ ಬೀಗ, ಪಟ್ಟಿ, ಹಳಿಗಳ ಫೋಟೊ ತೆಗೆಯಿರಿ. ಮುರಿದ ಬೀಗ ಎಸೆಯಬೇಡಿ.

ವಿಮಾ ಮೊತ್ತದಲ್ಲಿ ಜಿಪುಣತನ ಮಾಡಿದರೆ ಕೈ ಸುಡುತ್ತದೆ. ಶೇ. 15ರವರೆಗಿನ ಕೊರತೆಯನ್ನು ಪಾಲಿಸಿ ಮನ್ನಿಸುತ್ತದೆ, ಇದು ನಿಜಕ್ಕೂ ಉದಾರ. 40 ಲಕ್ಷದ ದಾಸ್ತಾನಿಗೆ 36 ಲಕ್ಷ ಬರೆಸಿದ್ದರೆ ತೊಂದರೆಯಿಲ್ಲ. 30 ಲಕ್ಷ ಮಾತ್ರ ಬರೆಸಿದ್ದರೆ, 8 ಲಕ್ಷದ ನಷ್ಟಕ್ಕೆ 6 ಲಕ್ಷದ ಲೆಕ್ಕ ಹಿಡಿಯುತ್ತಾರೆ. ಏಪ್ರಿಲ್‌ನಲ್ಲಿ ಬರೆಸಿದ ಮೊತ್ತ ದೀಪಾವಳಿ ದಾಸ್ತಾನಿಗೆ ಸಾಲದು. ಹಬ್ಬಕ್ಕೆ ಮೊದಲೇ ಮೊತ್ತ ಹೆಚ್ಚಿಸುವ ಎಂಡಾರ್ಸ್‌ಮೆಂಟ್ (ಪಾಲಿಸಿ ತಿದ್ದುಪಡಿ) ಮಾಡಿಸಿ. ಲಾಭಾಂಶ ಸೇರಿದ ಮಾರಾಟ ಬೆಲೆಯನ್ನು ಕ್ಲೇಮಿನಲ್ಲಿ ಹಾಕಬೇಡಿ. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಮತ್ತು ಜಿಎಸ್‌ಟಿ ಲೆಕ್ಕ ತಾಳೆಯಾಗದಿದ್ದರೆ ಕ್ಲೇಮ್ ಅಲ್ಲೇ ಸಿಕ್ಕಿಬೀಳುತ್ತದೆ.

ನಗದಿಗೆ 50,000 ರೂಪಾಯಿಯ ಮಿತಿಯಿದೆ. ಫುಟ್‌ಪಾತಿಗೆ ತಂದಿಟ್ಟ ಮಾಲು ಕಳವಾದರೆ ಈ ಷರತ್ತಿನಡಿ ಏನೂ ಸಿಗದು. ಚಿಕ್ಕಪೇಟೆಯಂಥ ಕಡೆ ಬಾಗಿಲಾಚೆ ತೂಗುಹಾಕಿದ ಸೀರೆ, ಬ್ಯಾಗುಗಳ ಗತಿಯೂ ಅಷ್ಟೇ. ದಾಸ್ತಾನು ಎಣಿಸಿದಾಗ ಕಡಿಮೆ ಬಂತು, ಯಾವಾಗ ಹೋಯಿತೋ ತಿಳಿಯದು ಎಂಬ ನಷ್ಟವೂ ಹೊರಗೇ. ಜನದಂಗೆಯ ಮಟ್ಟಕ್ಕೇರಿದ ಗಲಭೆ, ಬಂಡಾಯ, ಯುದ್ಧ ಕೂಡ ಸೇರುವುದಿಲ್ಲ.

ಮೊಬೈಲ್, ಎಲೆಕ್ಟ್ರಾನಿಕ್ಸ್, ಜವಳಿಯಂಥ ಎತ್ತಿಕೊಂಡು ಹೋಗಲು ಸುಲಭವಾದ ಮಾಲಿನವರು ಇದರ ಜೊತೆಗೆ ಬರ್ಗ್ಲರಿ (ಕನ್ನಗಳವು) ಪಾಲಿಸಿ ಮಾಡಿಸಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ಮಾಮೂಲಿ ಬರ್ಗ್ಲರಿ ಪಾಲಿಸಿ ಗಲಭೆಯ ಹೊತ್ತಿನ ಕಳವನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಆರ್‌ಎಸ್‌ಎಂಡಿ (ಗಲಭೆ, ಮುಷ್ಕರ, ದುರುದ್ದೇಶದ ಹಾನಿ) ವಿಸ್ತರಣೆ ಸೇರಿಸಿದೆಯೇ ಎಂದು ಪಾಲಿಸಿಯ ವಿವರಪಟ್ಟಿಯಾದ ಶೆಡ್ಯೂಲ್‌ನಲ್ಲಿ ಕಣ್ಣಾರೆ ನೋಡಿ. ಬಲವಂತದ ಪ್ರವೇಶದ ಗುರುತೂ ಬೇಕು. 2004ರಲ್ಲಿ ಹರ್ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಈ ಷರತ್ತನ್ನೇ.

ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಏಕಮಾಲೀಕತ್ವದ ಅಂಗಡಿಗಳೂ ಸೂಕ್ಷ್ಮ ಉದ್ಯಮಗಳೂ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ಪರಿಹಾರಕ್ಕೆ ಆದೇಶ ಕೊಡುವ ಅಧಿಕಾರ ಅವರಿಗಿದೆ.