ಸ್ಲ್ಯಾಕ್‌ಗೆ ಪ್ರಶ್ನೋತ್ತರ ಬಾಟ್: ಸಿದ್ಧ ಉತ್ತರವೋ, ಭಾಷಾ ಮಾದರಿಯೋ?

ಆಫೀಸಿನ ಸ್ಲ್ಯಾಕ್‌ನಲ್ಲಿ (ಸಹೋದ್ಯೋಗಿಗಳು ಚಾಟ್ ಮಾಡುವ ಆ್ಯಪ್) ಪ್ರಯೋಗಕ್ಕೊಂದು ಬಾಟ್, ಅಂದರೆ ಪ್ರಶ್ನೆಗಳಿಗೆ ತಾನೇ ಉತ್ತರಿಸುವ ಪ್ರೋಗ್ರಾಂ, ಮಾಡಬೇಕು ಅಂತಿದ್ದರೆ ದಾರಿ ಎರಡು. ಪ್ರಶ್ನೆಯಲ್ಲಿರುವ ಪದ ನೋಡಿ ಮೊದಲೇ ಬರೆದಿಟ್ಟ ಉತ್ತರ ಕೊಡುವುದು ಒಂದು. ಕಂಪನಿಯ ದಾಖಲೆಗಳಲ್ಲಿ ಹುಡುಕಿ, ಸಿಕ್ಕ ಭಾಗವನ್ನು ಭಾಷಾ ಮಾದರಿಗೆ (ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ಎಐ) ಕೊಟ್ಟು ಉತ್ತರ ಬರೆಸುವುದು ಇನ್ನೊಂದು.

ಮೊದಲನೆಯದು ಅಗ್ಗ, ಚುರುಕು. ನೀವು ಬರೆದಿಟ್ಟದ್ದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಆದರೆ "ವೈಫೈ ಪಾಸ್‌ವರ್ಡ್ ಏನು?" ಅಂದರೆ ಥಟ್ಟನೆ ಹೇಳುವ ಬಾಟ್, "ನೆಟ್ ಬರ್ತಿಲ್ಲ, ಏನ್ ಮಾಡ್ಲಿ?" ಅಂದರೆ ತಬ್ಬಿಬ್ಬು.

ಎರಡನೆಯದು ಹೇಗೆ ಕೇಳಿದರೂ ಹೆಚ್ಚುಕಡಿಮೆ ಅರ್ಥಮಾಡಿಕೊಳ್ಳುತ್ತದೆ. ತೊಂದರೆ ಏನಂದ್ರೆ, ದಾಖಲೆಯಲ್ಲಿ ಇಲ್ಲದ್ದನ್ನೂ ಕೆಲವೊಮ್ಮೆ ಧೈರ್ಯವಾಗಿ ಹೇಳಿಬಿಡುತ್ತದೆ. ಉತ್ತರದ ಕೆಳಗೆ ಮೂಲ ದಾಖಲೆಯ ಲಿಂಕ್ ಹಾಕಿಸಲೇಬೇಕು. ಸಂಬಳದ ಫೈಲ್ ಅಪ್ಪಿತಪ್ಪಿ ಬಾಟ್ ಹುಡುಕುವ ದಾಖಲೆಗಳಿಗೆ ಸೇರಿತೋ, ಕತೆ ಮುಗೀತು!

ನಿಜವಾದ ವ್ಯತ್ಯಾಸ ಗೊತ್ತಾಗುವುದು ಸಮಯದಲ್ಲಿ. ಸ್ಲ್ಯಾಕ್ ಒಂದು ಈವೆಂಟ್ (ಹೊಸ ಪ್ರಶ್ನೆ ಬಂದಿದೆ ಎಂಬಂಥ ಸೂಚನೆ) ಕಳಿಸಿದರೆ ಬಾಟ್ 3 ಸೆಕೆಂಡಿನೊಳಗೆ 'ತಲುಪಿತು' ಅಂತ ತಿಳಿಸಬೇಕು. ಇಲ್ಲದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ, ಬಾಟ್ ಒಂದೇ ಪ್ರಶ್ನೆಗೆ ಎರಡೆರಡು ಸಲ ಉತ್ತರಿಸುತ್ತಾ ಕೂರುತ್ತದೆ. ಸಿದ್ಧ ಉತ್ತರಕ್ಕೆ ಈ ಗಡುವು ಲೆಕ್ಕಕ್ಕೇ ಇಲ್ಲ. ಮಾದರಿಗೆ ಅಷ್ಟು ಹೊತ್ತು ಸಾಲದೇ ಹೋಗಬಹುದು. ಹಾಗಾಗಿ ಮೊದಲು 'ತಲುಪಿತು' ಅಂದುಬಿಟ್ಟು, ಉತ್ತರವನ್ನು ಆಮೇಲೆ ಆ ಪ್ರಶ್ನೆಯ ಕೆಳಗಿನ ಥ್ರೆಡ್‌ನಲ್ಲಿ ಹಾಕಿಸಿ.

ರಜೆ, ವೈಫೈ ಅಂತ ಅವೇ ನಾಲ್ಕಾರು ಪ್ರಶ್ನೆಗಳು ಬರುತ್ತಿದ್ದರೆ ಮೊದಲನೆಯದೇ ಸಾಕು. ಸುಮ್ನೆ ದುಡ್ಡು ಯಾಕೆ ಖರ್ಚು, ಅಲ್ವಾ? ಯಾರೂ ತೆರೆದು ನೋಡದ ದಾಖಲೆಗಳು ರಾಶಿ ಬಿದ್ದಿದ್ದರೆ ಎರಡನೆಯದು. ಯಾವುದೇ ಆಗಲಿ, ಸಾಕೆಟ್ ಮೋಡ್‌ನಲ್ಲಿ (ಬಾಟ್ ತಾನೇ ಸ್ಲ್ಯಾಕ್‌ಗೆ ಸಂಪರ್ಕ ಮಾಡಿಕೊಳ್ಳುವ ವಿಧಾನ) ಶುರು ಮಾಡಿ: ಇಂಟರ್ನೆಟ್‌ನಲ್ಲಿ ಬಾಟ್‌ಗೊಂದು ಸಾರ್ವಜನಿಕ ವಿಳಾಸ ಬೇಕಿಲ್ಲ, ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ.